ಕಲ್ಲು ನೋಡಿದರೆ ನಿಮಗೇನು?

ನಮ್ಮ ಕಡೆ ಗಂಡಸಾದವನಿಗೆ ಯಾವ ಚಟವಿದ್ದರೂ ಜನ ಹೊಂದಿಕೊಳ್ಳುತ್ತಾರೆ. ತಂಬಾಕು ತಿಕ್ಕುವವನಿಗೆ ಸುಣ್ಣದ ಡಬ್ಬಿ ಚಾಚುವವರಿದ್ದಾರೆ. ಇಸ್ಪೀಟು ಆಡುವವನಿಗೆ ಜಮಖಾನೆ ಹಾಸಿ ಕೊಡುವವರಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತು ದಿಲ್ಲಿಯ ಸರಕಾರವನ್ನು ಕೆಡವಿ ಕಟ್ಟುವವನನ್ನು ಯಾರೂ ಯಾಕಪ್ಪಾ ಎಂದು ಕೇಳುವುದಿಲ್ಲ. ಆದರೆ ರಸ್ತೆಯ ಪಕ್ಕ ಗಾಡಿ ನಿಲ್ಲಿಸಿ ಒಂದು ಕಲ್ಲನ್ನು ನೋಡುತ್ತ ನಿಲ್ಲಿ, ಆಗ ಗೊತ್ತಾಗುತ್ತದೆ. ಹಾದು ಹೋಗುವವರು ಮೊದಲು ನೀವು ಮೂತ್ರಕ್ಕೆ ನಿಂತಿದ್ದೀರಿ ಎಂದುಕೊಂಡು ಮರ್ಯಾದೆಯಿಂದ ಮುಖ ತಿರುಗಿಸುತ್ತಾರೆ. ಸ್ವಲ್ಪ ಹೊತ್ತಾದರೂ ಆ ಕೆಲಸ ನಡೆಯದೆ, ನೀವು ಕುಕ್ಕರಗಾಲಿನಲ್ಲಿ ಕುಳಿತು ಕಲ್ಲಿನ ಮೈ ಸವರತೊಡಗಿದಾಗ ಅವರಿಗೆ ಗಾಬರಿಯಾಗುತ್ತದೆ. ಅದೇ ಜಾಗದಲ್ಲಿ ನಾನು ಮೂತ್ರ ಮಾಡಿದ್ದರೆ ನನ್ನ ಮಾನ ಉಳಿಯುತ್ತಿತ್ತು ಎಂಬುದು ನನ್ನ ಅನುಭವ.

ಆದ್ದರಿಂದ ಇವತ್ತು ಬಿಡಿಸಿ ಹೇಳಿಬಿಡುತ್ತೇನೆ. ಹೌದು, ನಾನು ಕಲ್ಲು ನೋಡುತ್ತೇನೆ. ರಸ್ತೆ ಬದಿಯ ಸರ್ವೆ ಕಲ್ಲುಗಳನ್ನು ಹುಡುಕುತ್ತೇನೆ, ಮುಟ್ಟುತ್ತೇನೆ, ಫೋಟೋ ತೆಗೆಯುತ್ತೇನೆ, ಮನೆಗೆ ಬರುತ್ತೇನೆ. ಇದರಿಂದ ನನಗೆ ಒಂದು ಪೈಸೆ ಲಾಭವಿಲ್ಲ, ನಿಮಗೆ ಒಂದು ಪೈಸೆ ನಷ್ಟವಿಲ್ಲ. ಇದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ನಾನು ಬನಹಟ್ಟಿಯ ನೇಕಾರರ ಮನೆಯವನು. ಅಣ್ಣ ಮಗ್ಗ ನೋಡಿಕೊಳ್ಳುತ್ತಾನೆ, ನಾನು ಜಮಖಂಡಿಯ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ದಿನವೂ ಬೈಕಿನ ಮೇಲೆ ಹೋಗಿ ಬರುವುದು. ಕಾಲೇಜಿಗೆ ಇಂಟರ್ನೆಟ್ಟು ಬಂದ ಹೊಸದರಲ್ಲಿ ಕಂಪ್ಯೂಟರ್ ಮೇಷ್ಟರು ಒಂದು ಮಧ್ಯಾಹ್ನ ನನ್ನನ್ನು ಕರೆದು ಒಂದು ಆಟ ತೋರಿಸಿದರು. ಪರದೇಶದಲ್ಲಿ ಜನ ಕಾಡಿನಲ್ಲಿ, ಸೇತುವೆಯ ಕೆಳಗೆ, ಡಬ್ಬಿಗಳನ್ನು ಬಚ್ಚಿಡುತ್ತಾರಂತೆ. ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರಂತೆ. ಬೇರೆಯವರು ಉಪಗ್ರಹದ ಸಹಾಯದಿಂದ ಹುಡುಕಿಕೊಂಡು ಹೋಗಿ, ಡಬ್ಬಿಯೊಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಅಲ್ಲೇ ಇಟ್ಟು ಬರುತ್ತಾರಂತೆ. ನನಗೆ ಹುಚ್ಚು ಹಿಡಿದಂತಾಯಿತು. ಮರುದಿನವೇ ಮನೆಯಿಂದ ಒಂದು ಸ್ಟೀಲ್ ಡಬ್ಬಿ ಎತ್ತಿಕೊಂಡು ಹೋಗಿ ಹಿಪ್ಪರಗಿ ರಸ್ತೆಯ ಕಾಲುವೆಯ ಮೋರಿಯೊಳಗೆ ಇಟ್ಟೆ. ಮುಂದಿನ ರವಿವಾರ ಹೋಗಿ ನೋಡಿದರೆ ಡಬ್ಬಿ ಇಲ್ಲ. ಒಳಗಿದ್ದ ಚೀಟಿಯನ್ನು ಮಾತ್ರ ಗಾಳಿಗೆ ಹಾರದಂತೆ ಮೇಲೊಂದು ಹೆಂಟೆ ಇಟ್ಟು ಬಿಟ್ಟು ಹೋಗಿದ್ದರು. ಪ್ರಾಮಾಣಿಕ ಜನ, ತಮಗೆ ಬೇಡವಾದದ್ದನ್ನು ಮುಟ್ಟುವುದಿಲ್ಲ. ಆ ಡಬ್ಬಿ ನನ್ನ ಹೆಂಡತಿ ಕಸ್ತೂರಿಯ ತವರುಮನೆಯದಾಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಅದರ ವಿಚಾರ ಈಗ ಬೇಡ.

ಡಬ್ಬಿ ಕದಿಯುವ ಊರಿನಲ್ಲಿ ಏನು ಹುಡುಕಬೇಕೆಂದು ಯೋಚಿಸುತ್ತಿರುವಾಗ ಅದೇ ಮೇಷ್ಟರು ಇನ್ನೊಂದು ಪುಟ ತೋರಿಸಿದರು. ಆ ಪರದೇಶದವರಲ್ಲೇ ಕೆಲವರು ಡಬ್ಬಿಗಳ ಗೊಡವೆಗೆ ಹೋಗದೆ, ಸರಕಾರ ಎಂದೋ ನೆಟ್ಟು ಮರೆತ ಸರ್ವೆ ಗುರುತುಗಳನ್ನು ಹುಡುಕುತ್ತಾರೆ. ನಿಯಮ ಸರಳ. ಕಲ್ಲು ನೆಟ್ಟ ಜಾಗದಲ್ಲೇ ಇರಬೇಕು. ಜಾಗ ಬಿಟ್ಟು ಕದಲಿದ್ದರೆ ಅದು ಸಿಕ್ಕ ಲೆಕ್ಕಕ್ಕಿಲ್ಲ. ಸಿಕ್ಕರೆ ಫೋಟೋ ಹಾಕಿ ಎರಡು ಸಾಲು ಬರೆದರೆ ಆಯಿತು. ಕಲ್ಲಿಗೆ ನಮ್ಮಲ್ಲಿ ಬರಗಾಲವೇ? ಮೈಲುಗಲ್ಲು, ಹೊಲಗಳ ಮೇರೆ ಹೇಳುವ ಬಾಂದಗಲ್ಲು, ಕಾಲುವೆಯ ಕಲ್ಲು, ಆಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಬರುತ್ತದೆಂದು ಹೇಳುವ ಮುಳುಗಡೆ ಕಲ್ಲು. ಇವೆಲ್ಲಕ್ಕಿಂತ ನನಗೆ ಪ್ರೀತಿ ಬ್ರಿಟಿಷರ ಕಾಲದ ಮಟ್ಟದ ಕಲ್ಲು. ಚೌಕಾಗಿ ಕಡೆದ ಕಲ್ಲಿನ ಮೇಲೆ ಒಂದು ಅಡ್ಡಗೆರೆ, ಆ ಗೆರೆಗೆ ಕೆಳಗಿನಿಂದ ಚುಚ್ಚಿದ ಬಾಣ, ಪಕ್ಕದಲ್ಲಿ ಇಂಗ್ಲಿಷಿನ ಬಿ ಮತ್ತು ಎಂ. ಆ ಜಾಗ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಇಟ್ಟ ಗುರುತು ಅದು. ಸಮುದ್ರವನ್ನೇ ಕಾಣದ ಊರಿನ ರಸ್ತೆಯಲ್ಲಿ, ಬಳ್ಳಾರಿ ಜಾಲಿಯ ಬುಡದಲ್ಲಿ ಕುಳಿತ ಕಲ್ಲೊಂದು ಸಮುದ್ರದ ಲೆಕ್ಕ ಹೇಳುತ್ತದೆಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಸ್ತೂರಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದಳು.

“ಹುಡುಕಿದ್ರ ಏನ ಕೊಡ್ತಾರ?”

“ಏನೂ ಕೊಡಂಗಿಲ್ಲ.”

“ಕಲ್ಲರ ಮನಿಗೆ ತರತೀರೇನು?”

“ತರಬಾರ್ದು. ಅದು ಅಲ್ಲೇ ಇರಬೇಕು.”

“ಮತ್ತ?”

“ಮುಟ್ಟಿ ಬರೂದು.”

ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೆಂದು ಕಾಣುತ್ತದೆ.

ಹೊರಗಿನವರ ಕಾಟ ಇನ್ನೂ ಹೆಚ್ಚು. ಲೋಕಾಪುರದ ಹತ್ತಿರ ಒಂದು ಮೈಲುಗಲ್ಲಿನ ಬುಡದ ಮಣ್ಣು ಕೆದರುತ್ತಿದ್ದಾಗ ಇಬ್ಬರು ಬೈಕಿನಿಂದ ಇಳಿದು ಬಂದು ಮೆಲ್ಲಗೆ, “ನಿಧಿ ಸಿಕ್ಕರ ನಮಗೂ ಪಾಲ ಇರಲಿರಿ, ಯಾರಿಗೂ ಹೇಳಂಗಿಲ್ಲ” ಎಂದರು. ಮುಧೋಳದ ಆಚೆ ಒಂದು ತೋಟದ ಬಳಿ ಆ ಊರಿನ ಹೆಸರುವಾಸಿ ನಾಯಿಯೊಂದು ನನ್ನ ಉದ್ದೇಶವನ್ನು ವಿಚಾರಿಸದೆಯೇ ತೀರ್ಮಾನಕ್ಕೆ ಬಂದಿತು. ಅದರ ಓಟದ ಬಗ್ಗೆ ಜನ ಹೊಗಳುವುದೆಲ್ಲ ನಿಜ. ಸಾವಳಗಿಯಲ್ಲಿ ಒಬ್ಬ ಹಿರಿಯರು ಕೈ ಹಿಡಿದು ಮನೆಗೆ ಕರೆದೊಯ್ದು ಚಹಾ, ಚುರುಮುರಿ ಕೊಟ್ಟು, “ಸಾಹೇಬ್ರ, ಆ ಕಲ್ಲ ಒಂದ ಸ್ವಲ್ಪ ಆ ಕಡೆ ಸರಸ್ರಿ” ಎಂದರು. ನಾನು ಸಾಹೇಬನಲ್ಲ ಎಂದರೆ ನಕ್ಕು ಇನ್ನೊಂದು ಕಪ್ಪು ಚಹಾ ತರಿಸಿದರು. ಹೊರಗೆ ಬಂದರೆ ಅವರ ಬಾಜು ಹೊಲದವನು ನನ್ನ ಬೈಕಿನ ಹತ್ತಿರ ಕಾಯುತ್ತಿದ್ದ. ಅವನಿಗೆ ಅದೇ ಕಲ್ಲು ಈ ಕಡೆ ಸರಿಯಬೇಕಾಗಿತ್ತು. ಅವನ ಮನೆಯ ಚಹಾ ಹೆಚ್ಚು ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಇಷ್ಟರವರೆಗೆ ಕಸ್ತೂರಿ ಸಹಿಸಿದ್ದಳು. ಆದರೆ ಅವಳ ತವರು ಬೀಳಗಿ ತಾಲೂಕಿನಲ್ಲಿ, ಹಿನ್ನೀರಿನ ದಂಡೆಗೆ. ಅಲ್ಲಿ ಕಲ್ಲು ನೋಡುವುದು ತಮಾಷೆಯಲ್ಲ. ಅವಳು ಸಣ್ಣವಳಿದ್ದಾಗ ಕೆಲವರು ಮೂರು ಕಾಲಿನ ದುರ್ಬೀನು ತಂದು ಊರ ಸುತ್ತ ನೋಡಿ ಕಲ್ಲು ನೆಟ್ಟು ಹೋದರಂತೆ. ಇವರು ರಸ್ತೆ ಮಾಡುವವರಿರಬೇಕೆಂದು ಅವಳ ಅಪ್ಪ ಮಜ್ಜಿಗೆ ಕೊಟ್ಟು ಉಪಚರಿಸಿದ್ದರಂತೆ. ಮುಂದೆ ಆಲಮಟ್ಟಿಯ ನೀರು ಏರುತ್ತ ಏರುತ್ತ ಬಂದು ನಿಂತದ್ದು ಅದೇ ಕಲ್ಲಿನ ಬುಡಕ್ಕೆ. ಊರು ಮೇಲಕ್ಕೆ ಬಂತು, ಮನೆ ಕೆಳಗೆ ಉಳಿಯಿತು. ಆಣೆಕಟ್ಟನ್ನು ಇನ್ನೂ ಎತ್ತರಿಸುತ್ತಾರೆ ಎಂಬ ಸುದ್ದಿ ಆಗಾಗ ಹುಟ್ಟುತ್ತದೆ. ಆಗೆಲ್ಲ ಆ ಊರಿನವರು ಕಲ್ಲಿನ ಹತ್ತಿರ ಯಾರಾದರೂ ನಿಂತಿದ್ದಾರೆಯೇ ಎಂದು ಮೊದಲು ನೋಡುತ್ತಾರೆ.

ಅಂಥ ಊರಿನ ಹಳ್ಳದ ಸೇತುವೆಯ ಹತ್ತಿರ, ರಸ್ತೆಯ ಬದಿಗೆ, ಒಂದು ಮಟ್ಟದ ಕಲ್ಲು ಇದೆಯೆಂದು ಇಂಟರ್ನೆಟ್ಟಿನಲ್ಲಿ ಸಿಕ್ಕ ಹಳೆಯ ನಕಾಶೆ ಹೇಳುತ್ತಿತ್ತು. ಅತ್ತೆಯವರ ಆರೋಗ್ಯ ವಿಚಾರಿಸುವ ನೆಪದಲ್ಲಿ ನಾನು ಹಲವು ರವಿವಾರ ಹೋದೆ. ಅತ್ತೆಯವರ ಆರೋಗ್ಯ ಪ್ರತಿಸಲವೂ ಚೆನ್ನಾಗಿತ್ತು, ಕಲ್ಲು ಮಾತ್ರ ಸಿಗಲಿಲ್ಲ. ಊರಿನಲ್ಲಿ ಗುಸುಗುಸು ಎದ್ದಿತು. ಕಸ್ತೂರಿಯ ಅಣ್ಣ ಮಲ್ಲಪ್ಪ ಫೋನು ಮಾಡಿ, “ನಿನ್ನ ಗಂಡ ಸರ್ವೇದವರ ಕೂಡ ಸೇರ್ಯಾನೇನ ಅಂತ ಮಂದಿ ಕೇಳಾಕತ್ತಾರ, ನಾ ಏನ ಹೇಳ್ಲಿ?” ಎಂದನಂತೆ. ಆ ವರ್ಷದ ಎಳ್ಳಮವಾಸ್ಯೆಗೆ ಹೊಲಕ್ಕೆ ಎಡೆ ಎರಚಿ ಚರಗ ಚೆಲ್ಲಲು ತವರಿಗೆ ಹೋಗುವುದೆಂದು ನಿಶ್ಚಯವಾದಾಗ ಕಸ್ತೂರಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಕರಾರು ಹಾಕಿದಳು.

“ಅಲ್ಲಿ ಕಲ್ಲ ನೋಡಾಂವ ಅಂದ್ರ ಊರ ಮುಳುಗಸಾಂವ. ನಮ್ಮ ಮಂದಿ ಮುಂದ ನೀವು ಒಂದರ ಕಲ್ಲ ಮುಟ್ಟಿದ್ರಿ ಅಂದ್ರ, ಆ ನಿಮ್ಮ ಉಪಗ್ರಹದ ಫೋನ ಹೊಳೀಗೆ ಒಗಿತೇನಿ. ಅವತ್ತಿಗೆ ಈ ಹುಚ್ಚು ಬಂದ್.”

ಅವಳ ಕಣ್ಣಲ್ಲಿ ನೀರಿತ್ತು. ನಾನು ಮಾತು ಕೊಟ್ಟೆ. ಕೊಡುವಾಗ ನನಗೆ ನಿಜವಾಗಿ ದುಃಖವಾಯಿತು, ಸಿಟ್ಟೂ ಬಂತು. ಒಬ್ಬ ಮನುಷ್ಯನಿಗೆ ಒಂದು ನಿರುಪಯೋಗಿ ಸಂತೋಷ ಇರಕೂಡದೆಂದು ಯಾವ ಶಾಸ್ತ್ರದಲ್ಲಿದೆ? ಆದರೂ ಕಸ್ತೂರಿ ಕೇಳಿದ್ದು ಒಂದೇ ದಿನ.

ಎಳ್ಳಮವಾಸ್ಯೆಯ ದಿನ ಎತ್ತಿನ ಗಾಡಿಯ ಬದಲು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದೆವು. ಬುಟ್ಟಿ ತುಂಬ ಸಜ್ಜೆ ಕಡುಬು, ಎಳ್ಳು ಹಚ್ಚಿದ ಕಟಕ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಗುರೆಳ್ಳ ಹಿಂಡಿ. ಆ ವರ್ಷ ಒಂದು ವಿಶೇಷವಿತ್ತು. ಮಲ್ಲಪ್ಪನ ಹೊಲಕ್ಕೂ ಅವನ ದೊಡ್ಡಪ್ಪನ ಮಗ ಗುರಪ್ಪನ ಹೊಲಕ್ಕೂ ನಡುವೆ ಬದುವಿನ ಜಗಳ. ಬಹಳ ವರ್ಷ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅತ್ತೆಯವರು ಅತ್ತು ಕರೆದು, ಈ ಸಲ ಎರಡೂ ಮನೆಯವರು ಬದುವಿನ ಮೇಲಿನ ಬನ್ನಿಗಿಡದ ಕೆಳಗೆ ಒಟ್ಟಿಗೆ ಪೂಜೆ ಮಾಡಿ ಒಟ್ಟಿಗೆ ಉಣ್ಣುವುದೆಂದು ಒಪ್ಪಿಸಿದ್ದರು. ಗುರಪ್ಪ ಬಂದಿದ್ದ. ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ, ಆದರೆ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ.

ಬನ್ನಿಗಿಡದ ಬುಡದಲ್ಲಿ ಪದ್ಧತಿಯಂತೆ ಐದು ಕಲ್ಲು ಸಾಲಾಗಿ ಇಟ್ಟಿದ್ದರು. ಅವೇ ಪಂಚಪಾಂಡವರು. ಸುಣ್ಣ ಬಳಿದು, ಕುಂಕುಮ ಹಚ್ಚಿ, ಮುಂದೆ ಎಡೆ ಇಟ್ಟು, ಎಲ್ಲರೂ ಸಾಲಾಗಿ ಅಡ್ಡ ಬಿದ್ದರು. ನನ್ನ ಸರದಿ ಬಂತು. ಬಗ್ಗಿದೆ. ಬಗ್ಗಿದವನ ಕಣ್ಣು ನಡುವಿನ ಪಾಂಡವನ ಮೇಲೆ ಬಿತ್ತು. ಉಳಿದ ನಾಲ್ವರು ಹಳ್ಳದಿಂದ ಬಂದ ದುಂಡು ಕಲ್ಲುಗಳು. ಇವನೊಬ್ಬ ಚೌಕ. ಉಳಿಯಿಂದ ಕಡೆದ ಅಂಚು. ಸುಣ್ಣದ ಕೆಳಗೆ ಏನೋ ಗೆರೆ. ನಾನು ಏಳಲಿಲ್ಲ. ಇನ್ನೂ ಸ್ವಲ್ಪ ಮುಂದಕ್ಕೆ ಜರುಗಿ, ಹಣೆಯನ್ನು ನೆಲಕ್ಕೆ ಹಚ್ಚಿ, ಕೈ ಚಾಚಿ, ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದೆ. ಬಾಣ!

“ಅಳಿಯಂದಿರದು ಭಾಳ ಭಕ್ತಿ” ಎಂದು ಅತ್ತೆಯವರು ಮೆಚ್ಚಿ ನುಡಿದದ್ದು ಕೇಳಿಸಿತು.  ಕಸ್ತೂರಿಗೆ ನನ್ನ ಭಕ್ತಿಯ ಅಳತೆ ಗೊತ್ತು. ಹಿಂದಿನಿಂದ ನನ್ನ ಅಂಗಿಯನ್ನು ಹಿಡಿದು ಜಗ್ಗಿದಳು. ಎದ್ದೆ. ಎದ್ದು ಸುಮ್ಮನಿರಬೇಕಿತ್ತು. ಅಷ್ಟು ರವಿವಾರ ಸತಾಯಿಸಿದ ಕಲ್ಲು ಹೂವು ಮುಡಿದು ಎದುರಿಗೆ ಕುಳಿತಿರುವಾಗ ಸುಮ್ಮನಿರುವುದು ಋಷಿಗಳಿಗೆ ಸಾಧ್ಯ. ಊಟಕ್ಕೆ ಕುಳಿತಾಗ ಹೋಳಿಗೆ ಮುರಿಯುತ್ತ, ಏನೂ ಅರಿಯದವನಂತೆ ಕೇಳಿದೆ.

“ಅಲ್ಲರೀ, ಈ ನಡುವಿನ ಕಲ್ಲ ಎಲ್ಲಿಂದ ತಂದಿದ್ರಿ?”

ಬೇರೆ ಯಾವ ದೇಶದಲ್ಲಾದರೂ ಇದು ಸಾಮಾನ್ಯ ಪ್ರಶ್ನೆ. ಬದುವಿನ ಜಗಳ ಈಗಷ್ಟೇ ಆರಿದ ಹೊಲದಲ್ಲಿ ಕೇಳುವ ಪ್ರಶ್ನೆಯಲ್ಲ. ಗುರಪ್ಪ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಾಟಿಗೆ ಇಳಿಸಿದ. ಎದ್ದು ಹೋಗಿ ಪಾಂಡವರ ಮುಂದೆ ನಿಂತ.

“ಹೌದಲ್ಲ! ಇದು ಕಡದ ಕಲ್ಲ. ಇದ ನನ್ನ ಬಾಂದಗಲ್ಲ! ಕಾಕಾ ಇದನ್ನ ಕಿತ್ತ ತಂದ ದೇವರ ಮಾಡಿಟ್ಟಾನ. ಅದಕ್ಕ ನನಗ ಇಷ್ಟ ವರ್ಷ ಸಿಗಲಿಲ್ಲ!”

“ಗುರಪ್ಪಾ, ಬಾಯಾಗ ಹಿಡತ ಇರಲಿ” ಎಂದು, ಅಪ್ಪನ ಹೆಸರು ಬಂದದ್ದೇ ತಡ, ಮಲ್ಲಪ್ಪನೂ ಎದ್ದ.

“ಊರ ಹಿರ್ಯಾ ಅನಿಸ್ಕೊಂಡಾಂವ ಕಲ್ಲ ಕದ್ದಾನ, ನನಗ ಬಾಯಿ ಮುಚ್ಚ ಅಂತೀಯೇನ ಲೇ?”

ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸತ್ತ ಗಂಡನನ್ನು ಹಬ್ಬದ ದಿನ, ದೇವರ ಮುಂದೆ, ಕಳ್ಳ ಎಂದದ್ದು.  ಅದು ಬಾಂದಗಲ್ಲಲ್ಲ ಎಂದು ಅಷ್ಟು ಜನರಲ್ಲಿ ತಿಳಿದವನು ನಾನೊಬ್ಬನೇ. ಹೇಳಿದರೆ ನಾನು ಕಲ್ಲು ನೋಡುವವನೇ ಎಂದು ತವರಿಗೆಲ್ಲ ಖಾತ್ರಿಯಾಗುತ್ತದೆ, ಕರಾರು ಮುರಿಯುತ್ತದೆ. ಹೇಳದಿದ್ದರೆ ಮಾವನವರ ಹೆಸರು ಹೋಗುತ್ತದೆ. ನಾನು ಕಸ್ತೂರಿಯ ಮುಖ ನೋಡಿದೆ. ಅವಳ ಮುಖ ಕೆಂಪಾಗಿತ್ತು.

“ನನ್ನ ಮಾರಿ ಏನ ನೋಡತೀರಿ? ಬಾಯಿ ಬಿಡ್ರಿ! ಊಟಕ್ಕ ಕುಂತ್ರ ಕಲ್ಲು, ಮಲಗಿದ್ರ ಕಲ್ಲು, ಇಷ್ಟ ವರ್ಷ ನನ್ನ ತಲಿ ತಿಂದ್ರಿ. ಈಗ ನಮ್ಮಪ್ಪಗ ಕಳ್ಳ ಅಂದ್ರೂ ಸುಮ್ಮ ಕುಂಡ್ರವರೇನು?”

ತಂಬಿಗೆ ನೀರು ತೆಗೆದುಕೊಂಡು ಹೋದೆ. ಪಾಂಡವರನ್ನು ತೊಳೆಯುವುದಕ್ಕೆ ಅತ್ತೆಯವರ ಅಪ್ಪಣೆ ಬೇಡಿದೆ. “ತೊಳೀರಿ, ಜಳಕಾ ಆತು ಅಂತ ತಿಳಕೊಳ್ಳಲಿ” ಎಂದರು. ಸುಣ್ಣ ಹರಿದು ಹೋದಂತೆ ಅಡ್ಡಗೆರೆ ಕಂಡಿತು, ಬಾಣ ಕಂಡಿತು, ಸವೆದ ಎರಡು ಅಕ್ಷರ ಕಂಡವು. ಬಾಂದಗಲ್ಲಿಗೆ ಈ ಗುರುತು ಇರುವುದಿಲ್ಲ, ಇದು ಹಳ್ಳದ ಸೇತುವೆಯ ಹತ್ತಿರ ರಸ್ತೆಯ ಪಕ್ಕ ಇದ್ದ ಕಲ್ಲು ಎಂದು ಫೋನಿನಲ್ಲಿ ಇಳಿಸಿಕೊಂಡಿದ್ದ ನಕಾಶೆ ತೋರಿಸಿದೆ. ಆಗ ಅತ್ತೆಯವರಿಗೆ ನೆನಪಾಯಿತು. ರಸ್ತೆ ಅಗಲ ಮಾಡುವಾಗ ಯಂತ್ರದವರು ಕಿತ್ತು ಹಳ್ಳಕ್ಕೆ ಉರುಳಿಸಿದ ಕಲ್ಲನ್ನು ಮಾವನವರು ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರಂತೆ. “ಇದರ ಮ್ಯಾಲ ಬಾಣ ಐತಿ, ಇಂವ ನಮ್ಮ ಅರ್ಜುನ” ಎಂದು ನಡುವೆ ಕೂರಿಸಿದ್ದರಂತೆ. ಗುರಪ್ಪ ಬಗ್ಗಿ ಬಹಳ ಹೊತ್ತು ನೋಡಿದ.

“ಹಂಗಾರ ಇದು ಏನ ಹೇಳತೈತ್ರಿ?”

ಸಮುದ್ರದಿಂದ ಎತ್ತರ ಹೇಳುತ್ತದೆ ಎಂದೆ. ತಕ್ಷಣ ಎಲ್ಲರೂ ಹಿನ್ನೀರಿನ ದಿಕ್ಕಿಗೆ ತಿರುಗಿದರು. ಮಲ್ಲಪ್ಪ ಮೆಲ್ಲಗೆ ಕೇಳಿದ, “ಖರೆ ಹೇಳ್ರಿ, ಆಣೆಕಟ್ಟ ಎತ್ತರ ಮಾಡಿದ್ರ ನೀರು ಈ ಬನ್ನಿಗಿಡದತನಕಾ ಬರತೈತೇನು?” ಅಷ್ಟು ಮುಖಗಳು ನನ್ನನ್ನೇ ನೋಡುತ್ತಿದ್ದವು. ಕಲ್ಲಿನ ಬಗ್ಗೆ ನನ್ನನ್ನು ಯಾರಾದರೂ ಗೌರವದಿಂದ ಕೇಳಿದ್ದು ಅದೇ ಮೊದಲು, ಮತ್ತು ನನ್ನಲ್ಲಿ ಉತ್ತರವಿರಲಿಲ್ಲ. ಜಾಗ ಬಿಟ್ಟ ಕಲ್ಲು ಏನನ್ನೂ ಹೇಳುವುದಿಲ್ಲ ಎಂದೆ. ನನಗೆ ಬಹಳ ಸಂಕಟವಾಯಿತು. ಗುರಪ್ಪ ರುಮಾಲು ಸರಿಮಾಡಿಕೊಂಡ.

“ಅದ ಇರಲಿ. ನನ್ನ ಬಾಂದಗಲ್ಲ ಎಲ್ಲೈತಿ ಹಂಗಾರ?”

“ಹುಡುಕೂಣು ಬರ್ರಿ” ಎಂದೆ.

ಹಬ್ಬದ ಬಟ್ಟೆಯಲ್ಲಿ, ಎಂಜಲು ಕೈಯಲ್ಲಿ, ಎರಡು ಮನೆಯವರು ಬದುವಿನುದ್ದಕ್ಕೂ ಹುಡುಕತೊಡಗಿದೆವು. ನಾನು ನಕಾಶೆ, ಉಪಗ್ರಹ ಎಂದು ಫೋನನ್ನು ಆಕಾಶಕ್ಕೆ ಹಿಡಿದು ತಿರುಗುತ್ತಿದ್ದೆ. ಕಲ್ಲು ಸಿಕ್ಕಿದ್ದು ಗುರಪ್ಪನಿಗೆ, ಕಾಲಿನಿಂದ. ಬದುವಿನ ತುದಿಯ ಜಾಲಿಯ ಪೊದೆಯೊಳಗೆ ಎಡವಿ, ಹೆಬ್ಬೆರಳು ಹಿಡಿದುಕೊಂಡು ಕುಂಟುತ್ತ, “ಸಿಕ್ಕಿತು! ಏ ಮಲ್ಲ್ಯಾ, ಸಿಕ್ಕಿತ ಬಾರಲೇ!” ಎಂದು ಕೂಗಿದ. ಕಲ್ಲು ನೆಟ್ಟಲ್ಲೇ ನೆಟ್ಟಗೆ ನಿಂತಿತ್ತು. ಇಬ್ಬರೂ ಇಷ್ಟು ವರ್ಷ ಜಗಳವಾಡುವುದರಲ್ಲಿ ಪೊದೆ ಸರಿಸಿ ನೋಡುವುದನ್ನು ಮರೆತಿದ್ದರು. ಗುರಪ್ಪ ಮುಳ್ಳು ಲೆಕ್ಕಿಸದೆ ಕೈ ಹಾಕಿ ಅದರ ತಲೆ ಸವರುತ್ತಿದ್ದ. ಅವನ ಮುಖದಲ್ಲಿ ಹೊಲದ ಮಾತೇ ಇರಲಿಲ್ಲ, ಸಿಕ್ಕ ಸಂತೋಷವಷ್ಟೇ ಇತ್ತು. ನಾನು ಇಷ್ಟು ವರ್ಷ ಕಸ್ತೂರಿಗೆ ವಿವರಿಸಲು ಹೆಣಗಿದ್ದು ಅದನ್ನೇ. ತಿರುಗಿ ನೋಡಿದೆ. ಅವಳು ಗುರಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು.

ಸಂಜೆ ಬೈಕಿನ ಮೇಲೆ ಹಿಂತಿರುಗಿದೆವು. ಎಡಕ್ಕೆ ಹಿನ್ನೀರು ಹೊಳೆಯುತ್ತಿತ್ತು, ಫೋನು ಒಗೆಯಲು ಎಷ್ಟು ಬೇಕೋ ಅಷ್ಟು ನೀರು. ನಾನೇ ಕೇಳಿದೆ, “ಕರಾರು ಮುರಿದೆ. ಫೋನ ಕೊಡ್ಲೇನು?”  ಸ್ವಲ್ಪ ದೂರ ಹೋದ ಮೇಲೆ ನನ್ನ ಬೆನ್ನು ತಟ್ಟಿದಳು.

“ಗಾಡಿ ನಿಂದರಸ್ರಿ. ಆ ಮೋರಿ ಮ್ಯಾಲ ಏನೋ ಗೆರಿ ಇದ್ದಂಗ ಕಂಡಿತು.”

ನಿಲ್ಲಿಸುವುದರೊಳಗೆ ಇಳಿದಿದ್ದಳು. ಹಬ್ಬದ ಇಳಕಲ್ಲ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ರಸ್ತೆಯ ಬದಿಗೆ ಕುಳಿತು ಮೋರಿಯ ಕಲ್ಲಿನ ಹಾವಸೆಯನ್ನು ಉಗುರಿನಿಂದ ಕೆರೆಯತೊಡಗಿದಳು. ಅಷ್ಟರಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಬಂದು, ನಮ್ಮನ್ನು ನೋಡಿ, ಹಾಡು ನಿಲ್ಲಿಸಿ ನಿಂತಿತು. ಡ್ರೈವರ್ ಕತ್ತು ಹೊರಗೆ ಹಾಕಿ ಕೇಳಿದ, “ಯಾಕ್ರಿ ಅಣ್ಣಾರ, ಅಕ್ಕಾರು ಏನ ಹುಡುಕಾಕತ್ತಾರ?”

ನಾನು ಬಾಯಿ ತೆರೆದೆ. ಈ ಬರಹದ ಆರಂಭದಿಂದ ನಿಮ್ಮೆದುರು ಎದೆ ತಟ್ಟಿಕೊಂಡು ಬಂದವನು ನಾನೇ. ನನ್ನ ಬಾಯಿಂದ ಬಂದದ್ದು ಇದು: “ಏನಿಲ್ಲಪಾ, ಬೆಂಡವಾಲಿ ಬಿದ್ದೈತಿ.”

ಒಳ್ಳೆಯ ಹುಡುಗ. ಬಂಗಾರ ಬಿದ್ದಿದೆ ಎಂದು ತಿಳಿದು ಕೆಳಗಿಳಿದ. ಕಬ್ಬಿನ ಮೇಲೆ ಕುಳಿತಿದ್ದ ಇಬ್ಬರನ್ನೂ ಇಳಿಸಿದ. ಮೂವರೂ ಬಗ್ಗಿ ಹುಲ್ಲು ಸರಿಸತೊಡಗಿದರು. ಕಸ್ತೂರಿ ತಲೆ ಎತ್ತಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎರಡೂ ಬೆಂಡವಾಲಿ ಅವಳ ಕಿವಿಯಲ್ಲೇ ಇದ್ದವು.

“ಬೆಂಡವಾಲಿ ಇಲ್ಲ, ಏನಿಲ್ಲ. ಏಳ್ರಿ ತಮ್ಮಾರ” ಎಂದಳು. “ನಾನು ಕಲ್ಲ ನೋಡಾಕತ್ತೇನಿ. ಯಾಕ, ನೋಡಬಾರದೇನು?”

ಇಷ್ಟು ವರ್ಷ ಕಲ್ಲು ನೋಡಿದ ನಾನು ಆ ಮಾತನ್ನು ರಸ್ತೆಯ ಮೇಲೆ ನಿಂತು ಒಮ್ಮೆಯೂ ಅಂದಿರಲಿಲ್ಲ. ಹುಡುಗ ಗಾಬರಿಯಿಂದ, “ನೋಡ್ರಿ ಅಕ್ಕಾರ, ನೋಡ್ರಿ” ಎಂದು ಟ್ರ್ಯಾಕ್ಟರ್ ಹತ್ತಿದ. ನಾನು ಬೈಕಿನ ಹತ್ತಿರ ಹೋಗಿ, ಏನೂ ಕೆಡದ ಪ್ಲಗ್ಗನ್ನು ಬಿಚ್ಚಿ ಒರೆಸುತ್ತ ನಿಂತೆ.